ನನಗೆ ಸಿಗದ ಬೈಗುಳ

ನಮ್ಮಪ್ಪ ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಇದನ್ನು ಕೇಳಿದವರು ನೀನು ಪುಣ್ಯವಂತೆ ಅನ್ನುತ್ತಾರೆ. ಆ ಕಾಲದಲ್ಲಿ ಮೇಷ್ಟ್ರ ಮಕ್ಕಳಿಗೆ ಬೀಳುತ್ತಿದ್ದ ಏಟು ಎಂಥದೆಂದು ಗೊತ್ತಿರುವವರು ಇನ್ನೂ ಒತ್ತಿ ಅನ್ನುತ್ತಾರೆ. ನಾನು ಸುಮ್ಮನೆ ತಲೆಯಾಡಿಸುತ್ತೇನೆ. ಹದಿಮೂರು ಹದಿನಾಲ್ಕನೆಯ ವಯಸ್ಸಿನಲ್ಲಿ ಅಪ್ಪನ ಕೈಯಿಂದ ಒಂದೇ ಒಂದು ಏಟು ತಿನ್ನಬೇಕು, ಅವರ ಬಾಯಿಂದ ಒಂದು ಬೈಗುಳ ಕೇಳಬೇಕು ಎಂದು ಹಂಬಲಿಸಿ ಅತ್ತಿದ್ದೆ ಎಂದು ಯಾರಿಗೆ ಹೇಳಲಿ?

ಅಪ್ಪ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎತ್ತರದ ಆಳು, ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ಕರಿ ದಾರಕ್ಕೆ ಕಟ್ಟಿದ ವಿಷಲ್. ಬೆಳಗಿನ ಪ್ರಾರ್ಥನೆಯಲ್ಲಿ ಸಾಲು ಸೊಟ್ಟಗಿದ್ದರೆ ಅವರು ವಿಷಲ್ ಊದುವುದೂ ಬೇಡ, ಬಾಯಿಗಿಟ್ಟರೆ ಸಾಕು, ನೂರಾರು ಹುಡುಗ ಹುಡುಗಿಯರು ಹಗ್ಗ ಹಿಡಿದಂತೆ ನೇರವಾಗುತ್ತಿದ್ದರು. ಅದೇ ಸ್ಕೂಲಿನಲ್ಲಿ ನಾನೂ ಎಂಟನೇ ಕ್ಲಾಸು. ನನಗೆ ಐದನೇ ವರ್ಷದಿಂದ ಉಬ್ಬಸ. ಮೈದಾನದ ಧೂಳು ಆಗದು, ಚಳಿಗಾಳಿ ಆಗದು, ನಾಲ್ಕು ಹೆಜ್ಜೆ ಓಡಿದರೆ ಎದೆಯಲ್ಲಿ ಸಿಳ್ಳೆ. ಡ್ರಿಲ್ ಪೀರಿಯಡ್ ಬಂದರೆ ಎಲ್ಲರೂ ಮೈದಾನಕ್ಕೆ ಓಡುತ್ತಿದ್ದರು, ನಾನು ವರಾಂಡದ ಮೆಟ್ಟಿಲಿಗೆ. "ನೀನು ನೆರಳಲ್ಲಿ ಕೂತ್ಕೋ ಕಂದಾ," ಅನ್ನುತ್ತಿದ್ದರು ಅಪ್ಪ. ಮಿಕ್ಕವರಿಗೆಲ್ಲ ಕತ್ತೆ, ಕೋಣ, ಸೋಮಾರಿ. ನನ್ನೊಬ್ಬಳಿಗೆ ಕಂದಾ. ಎಲ್ಲರ ಮುಂದೆ ಆ ಮಾತು ಕೇಳಿದಾಗ ನನಗೆ ನನ್ನ ಎದೆಯನ್ನೇ ಕಿತ್ತು ಎಸೆಯಬೇಕು ಅನ್ನಿಸುತ್ತಿತ್ತು.

ಆ ವರ್ಷವೇ ಆ ಹುಡುಗಿ ನಮ್ಮ ಸ್ಕೂಲಿಗೆ ಸೇರಿದ್ದು. ನಿಟ್ಟೂರು ರಸ್ತೆಯ ಆಚೆ, ಬಸ್ಸು ಹೋಗದ ಒಂದು ಹಳ್ಳಿಯವಳು. ನನ್ನದೇ ಕ್ಲಾಸು. ಸಣಕಲು ಮೈ, ಉದ್ದನೆ ಕಾಲು, ಎಣ್ಣೆ ಹಾಕಿ ಬಿಗಿದ ಎರಡು ಜಡೆ. ಮೊದಲನೇ ವಾರವೇ ಒಂದು ದಿನ ಪ್ರಾರ್ಥನೆಗೆ ತಡವಾಗಿ, ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಗೇಟಿನಿಂದ ಓಡಿಬಂದಳು. ಅಪ್ಪ ತಡೆದು ನಿಲ್ಲಿಸಿದರು.

"ಎಲ್ಲಿಂದ ಓಡ್ಕೊಂಡ್ ಬಂದೆ?"

"ಊರಿಂದ ಸಾರ್."

"ಊರಿಂದ್ಲೂನಾ? ನಿಲ್ದೆ?"

"ಹೂಂ ಸಾರ್. ಲೇಟಾಯ್ತು."

ಅಷ್ಟು ದೂರ ಓಡಿಬಂದವಳು ಒಂದಿಷ್ಟೂ ಏದುಸಿರು ಬಿಡದೆ ಮಾತಾಡುತ್ತಿದ್ದಳು. ಅಪ್ಪ ಅವಳನ್ನು ಸಾಲಿಗೆ ಕಳಿಸದೆ ಚೀಲ ಕೆಳಗಿಡಿಸಿ, ಮೈದಾನ ಎರಡು ಸುತ್ತು ಓಡು ಅಂದರು. ಎಲ್ಲರೂ ಅದನ್ನು ಶಿಕ್ಷೆ ಅಂದುಕೊಂಡರು. ಮೆಟ್ಟಿಲ ಹತ್ತಿರ ನಿಂತಿದ್ದ ನನಗೆ ಮಾತ್ರ ಅಪ್ಪನ ಮುಖ ಕಾಣುತ್ತಿತ್ತು. ಆ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ, ಮನೆಯಲ್ಲಿ ಬಾಯಿಬಿಡದ ಅಪ್ಪ, ಆ ಹುಡುಗಿಯ ಹೆಜ್ಜೆ ಎಷ್ಟು ಉದ್ದ, ಕೈ ಹೇಗೆ ಬೀಸುತ್ತಾಳೆ, ಹಿಮ್ಮಡಿ ಹೇಗೆ ನೆಲಕ್ಕೆ ತಾಕುವುದೇ ಇಲ್ಲ ಎಂದು ಅಮ್ಮನಿಗೆ ವಿವರಿಸಿದರು. ತಟ್ಟೆಯಲ್ಲಿ ಮುದ್ದೆ ಆರಿಹೋಯಿತು. "ಎಂಟುನೂರು ಮೀಟರಿಗೆ ಹೇಳಿ ಮಾಡಿಸಿದ ಕಾಲು ಕಣೇ," ಅಂದರು. ಅಮ್ಮ, "ತಿನ್ನಿ ಮೊದ್ಲು," ಎಂದು ನಕ್ಕರು. ಅಪ್ಪನೂ ನಕ್ಕರು. ನಾನು ಅರ್ಧ ಮುದ್ದೆ ಬಿಟ್ಟು ಎದ್ದೆ. ಯಾಕೆಂದು ಆಗ ಗೊತ್ತಿರಲಿಲ್ಲ.

ಎರಡು ತಿಂಗಳಲ್ಲಿ ಅವಳು ವಾರದ ಆರು ದಿನ ನಮ್ಮ ಮನೆಯಲ್ಲೇ ಉಳಿಯುವ ಏರ್ಪಾಡಾಯಿತು. ಹಳ್ಳಿಯಿಂದ ಬಂದರೆ ಬೆಳಗಿನ ಅಭ್ಯಾಸ ಆಗುವುದಿಲ್ಲವೆಂದು ಅಪ್ಪನೇ ಅವಳ ಮನೆಗೆ ಹೋಗಿ ಕೇಳಿಕೊಂಡು ಬಂದರು. ತಗಡಿನ ಟ್ರಂಕಿನೊಂದಿಗೆ ಬಂದಳು. ನನ್ನ ಚಾಪೆಯ ಪಕ್ಕ ಅವಳ ಚಾಪೆ. ಅಮ್ಮನಿಗೆ ಅವಳನ್ನು ಕಂಡರೆ ಪ್ರೀತಿ. ಹೇಳದೆಯೇ ಬಾವಿಯಿಂದ ನೀರು ಸೇದುತ್ತಿದ್ದಳು, ಒಲೆಯ ಬೂದಿ ತೆಗೆಯುತ್ತಿದ್ದಳು. ನನ್ನ ಕಣ್ಣೆಲ್ಲ ಅಪ್ಪನ ಮೇಲೆ. ಕುಡಿಯುವ ನೀರನ್ನೂ ಅಮ್ಮನೇ ತಂದುಕೊಡಬೇಕಿದ್ದ ಮನುಷ್ಯ, ತಾವೇ ಡಬ್ಬಿ ತೆಗೆದು, ಕಡಲೆಕಾಳು ಆರಿಸಿ, ಅವಳಿಗೆಂದು ನೆನೆಹಾಕುತ್ತಿದ್ದರು. ಬೆಳಿಗ್ಗೆ ಅದರ ಜೊತೆ ಒಂದು ಅಚ್ಚು ಬೆಲ್ಲ, ಒಂದು ಲೋಟ ಗಟ್ಟಿ ಹಾಲು. ನನಗೂ ಹಾಲು ಸಿಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನದು ಔಷಧಿ ಕಲಸಿದ ಹಾಲು.

ಬೆಳಗಾಗುತ್ತಲೂ ಅವಳನ್ನು ಕೆರೆ ಏರಿಯ ಮೇಲೆ ಓಡಿಸುತ್ತಿದ್ದರು. ಸಂಜೆ ಮೈದಾನದಲ್ಲಿ. ಸಂಜೆಯದನ್ನು ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಅಪ್ಪ ಒಂದು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಟ್ರ್ಯಾಕಿನ ಒಳಗಡೆ ಅವಳ ಜೊತೆಜೊತೆಗೇ ಓಡುತ್ತಾ ಕಿರುಚುತ್ತಿದ್ದರು. "ಮೊಣಕಾಲೆತ್ತೇ! ಏ ಎಮ್ಮೆ, ಹುಲ್ಲು ಮೇಯೋಕೆ ಬಂದಿದ್ಯಾ? ಕೊನೇ ಸುತ್ತಲ್ಲಿ ಸಾಯ್ಬೇಕು ಕಣೇ, ಸಾಯ್ಬೇಕು!" ಸುತ್ತು ಮುಗಿದ ಮೇಲೆ ಅವಳು ಮಣ್ಣಿನ ಮೇಲೆ ಅಂಗಾತ ಬಿದ್ದರೆ, "ಏಳು, ನಡಿ, ನಿಂತ್ರೆ ಕಾಲು ಹಿಡ್ಕೊಳ್ಳತ್ತೆ," ಎಂದು ರೆಟ್ಟೆ ಹಿಡಿದು ಎಬ್ಬಿಸುತ್ತಿದ್ದರು. ಅವಳಿಗೆ ಬೇಜಾರಿರಲಿಲ್ಲ. ಮನೆಗೆ ಬಂದು ಕಾಲು ತೊಳೆಯುತ್ತಾ, "ಇವತ್ತು ಹನ್ನೆರಡು ಸಲ ಎಮ್ಮೆ ಅಂದ್ರು ನಿಮ್ಮಪ್ಪ," ಎಂದು ನಗುತ್ತಿದ್ದಳು. "ನೆನ್ನೆಗಿಂತ ಎರಡು ಸೆಕೆಂಡ್ ಕಮ್ಮಿ ಆಗೈತೆ, ಗೊತ್ತಾ?"

ನನಗೆ ಗೊತ್ತಿತ್ತು. ಎಮ್ಮೆ ಅಂದದ್ದನ್ನು ನಾನೂ ಎಣಿಸಿದ್ದೆ. ಅವಳು ಹನ್ನೆರಡು ಅಂದಳು, ನನ್ನ ಲೆಕ್ಕಕ್ಕೆ ಹದಿನಾಲ್ಕು.

ಒಂದು ಬೆಳಿಗ್ಗೆ ನಾನು ತಡೆಯಲಾರದೆ ಎದ್ದು ಅವರ ಹಿಂದೆಯೇ ಕೆರೆ ಏರಿಗೆ ಹೋದೆ. ಮಾರ್ಗಶಿರದ ಚಳಿ, ನೀರಿನ ಮೇಲೆ ಮಂಜು. ಅಪ್ಪ ಏರಿಯ ಆ ತುದಿಯಲ್ಲಿ ನಿಂತಿದ್ದರು. ಅವಳು ಈ ತುದಿಯಿಂದ ಹೊರಟಳು, ಅವಳ ಬೆನ್ನಿಗೆ ನಾನೂ ಓಡಿದೆ. ಅವಳು ತಿರುಗಿ ನೋಡಿ, "ಬ್ಯಾಡ ಕಣೇ, ನಿಂಗಾಗಲ್ಲ," ಅಂದಳು. ಆ ಮಾತಿಗೆ ಇನ್ನೂ ಜೋರಾಗಿ ಓಡಿದೆ. ಎಷ್ಟು ದೂರವೋ ನೆನಪಿಲ್ಲ. ಅಪ್ಪನ ಬಿಳಿ ಪ್ಯಾಂಟು ಕಾಣುತ್ತಿತ್ತು, ಈಗ ನನ್ನನ್ನು ನೋಡಿ ಎಮ್ಮೆ ಅನ್ನುತ್ತಾರೆ, ಮೊಣಕಾಲೆತ್ತು ಅನ್ನುತ್ತಾರೆ ಎಂದು ಕಾದೆ. ಆಮೇಲೆ ಎದೆ ಮುಚ್ಚಿಕೊಂಡಿತು.

ಕಣ್ಣು ಬಿಟ್ಟಾಗ ಅಪ್ಪನ ತೊಡೆಯ ಮೇಲಿದ್ದೆ. "ಯಾಕ್ ಕಂದಾ ಬಂದೆ? ಯಾರು ನಿಂಗೆ ಓಡು ಅಂದೋರು?" ಎಂದು ಬೆನ್ನು ನೀವುತ್ತಿದ್ದರು. ಆಮೇಲೆ ತಲೆ ಎತ್ತಿ ಅವಳ ಕಡೆ ನೋಡಿದರು.

"ಅವಳಿಗೆ ಉಬ್ಬಸ ಅಂತ ಗೊತ್ತಿಲ್ವೇನೇ ನಿಂಗೆ? ಬೇಡ ಅಂತ ಒಂದ್ಮಾತು ಹೇಳೋಕಾಗ್ಲಿಲ್ವಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಕೆನ್ನೆಗೆ ಬಿತ್ತು. ಅಪ್ಪ ಅವಳಿಗೆ ಹೊಡೆದದ್ದು ಅದೇ ಮೊದಲು. ಹೇಳಿದಳು ಅಪ್ಪಾ, ಬೇಡ ಅಂದಳು ಎಂದು ನಾನು ಹೇಳಬಹುದಿತ್ತು. ಉಸಿರಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಸಿರು ಬಂದ ಮೇಲೂ ಹೇಳಲಿಲ್ಲ. ನನ್ನ ತಪ್ಪಿಗೆ ಬಿದ್ದ ಏಟೂ ಅವಳಿಗೇ ಹೋಯಿತಲ್ಲ ಎಂಬುದಷ್ಟೇ ಆಗ ನನ್ನ ಮನಸ್ಸಿನಲ್ಲಿದ್ದದ್ದು. ಅಪ್ಪ ನನ್ನನ್ನು ಎತ್ತಿಕೊಂಡು ಮನೆಯವರೆಗೂ ನಡೆದರು. ಅವಳು ಕೆನ್ನೆ ಹಿಡಿದುಕೊಂಡು ಹಿಂದೆ ಬಂದಳು.

ತಾಲ್ಲೂಕು ಮಟ್ಟದಲ್ಲಿ ಅವಳಿಗೆ ಎದುರೇ ಇರಲಿಲ್ಲ. ಜಿಲ್ಲಾ ಮಟ್ಟದ ಸ್ಪೋರ್ಟ್ಸ್ ತುಮಕೂರಿನಲ್ಲಿ. ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ದೊಡ್ಡ ಮೈದಾನ, ಸುಣ್ಣದಲ್ಲಿ ಎಳೆದ ಟ್ರ್ಯಾಕು, ಒಂದೊಂದು ತಾಲ್ಲೂಕಿನವರಿಗೆ ಒಂದೊಂದು ಬಣ್ಣದ ಬನಿಯನ್ನು. ಎಂಟುನೂರು ಮೀಟರಿನ ಕೊನೆಯ ತಿರುವಿನವರೆಗೂ ಅವಳೇ ಮುಂದಿದ್ದಳು. ಅಲ್ಲಿ ಕುಣಿಗಲಿನ ಒಬ್ಬ ಗಿಡ್ಡ ಹುಡುಗಿ ಹೊರಗಡೆಯಿಂದ ಬಂದು, ಟೇಪಿಗೆ ಎರಡು ಮಾರು ಇರುವಾಗ ದಾಟಿಬಿಟ್ಟಳು. ಎರಡನೆಯ ಸ್ಥಾನವಾದರೂ, ಜಿಲ್ಲಾ ಮಟ್ಟದಲ್ಲಿ ನಮ್ಮ ಸ್ಕೂಲಿಗೆ ಅದುವರೆಗೆ ಯಾವ ಬಹುಮಾನವೂ ಬಂದಿರಲಿಲ್ಲ. ಬಂದಿದ್ದ ಮಿಕ್ಕ ಮೇಷ್ಟ್ರುಗಳು ಅವಳ ಬೆನ್ನು ತಟ್ಟಿದರು. ಅಪ್ಪ ಹತ್ತಿರವೂ ಹೋಗಲಿಲ್ಲ.

ವಾಪಸ್ಸು ಬರುವ ಬಸ್ಸು ಅರ್ಧ ಖಾಲಿ. ಅವಳು ನನ್ನ ಪಕ್ಕ ಕೂರಲು ಬಂದಳು. ಅಪ್ಪ, "ನಿಂತ್ಕೋ," ಅಂದರು. ಕಂಡಕ್ಟರು, "ಕೂತ್ಕಳವ್ವ, ಸೀಟೈತಲ್ಲ," ಅಂದದ್ದಕ್ಕೆ, "ಕೂತ್ಕೊಳ್ಳೋ ಅಂಥದ್ದೇನ್ ಸಾಧಿಸಿದಾಳೆ ಇವ್ಳು? ನಿಂತೇ ಬರ್ಲಿ," ಅಂದರು. ಗುಬ್ಬಿಯವರೆಗೂ ಕಂಬಿ ಹಿಡಿದು ನಿಂತೇ ಬಂದಳು. ಕೈಯಲ್ಲಿ ಬಹುಮಾನದ ಸ್ಟೀಲ್ ಲೋಟ. ತಿರುವು ಬಂದಾಗಲೆಲ್ಲ ಅದು ಕಂಬಿಗೆ ತಾಗಿ ಟಣ್ ಅನ್ನುತ್ತಿತ್ತು. ಅವಳು ಸರ್ಟಿಫಿಕೇಟನ್ನು ಮಡಚಿ ಲೋಟದೊಳಗೆ ತುರುಕಿದಳು.

ಮಾರನೆಯ ದಿನದಿಂದ ಅಪ್ಪ ಅವಳನ್ನು ಕರೆಯುವ ರೀತಿಯೇ ಬದಲಾಯಿತು. "ಏ ಸೆಕೆಂಡು, ಬಾ ಇಲ್ಲಿ." ಎಮ್ಮೆ ಅನ್ನುವುದು ನಿಂತೇಹೋಯಿತು. ಎಮ್ಮೆ ಅನ್ನುತ್ತಿದ್ದದ್ದು ಓಡುವಾಗ ಮಾತ್ರ. ಸೆಕೆಂಡು ಎಲ್ಲ ಕಡೆ. ಪ್ರಾರ್ಥನೆಯಲ್ಲಿ, ಕಾರಿಡಾರಿನಲ್ಲಿ, ಊಟದ ಹೊತ್ತಿನಲ್ಲಿ. "ಸೆಕೆಂಡಿಗೆ ಇನ್ನೊಂದ್ ಮುದ್ದೆ ಹಾಕು." ಹುಡುಗರು ಕಲಿತರು. ಅಟೆಂಡೆನ್ಸ್ ಕೂಗುವಾಗ ಅವಳ ನಂಬರು ಬಂದರೆ ಹಿಂದಿನ ಬೆಂಚಿನಿಂದ, "ಸೆಕೆಂಡೂ," ಎಂದು ಎಳೆಯುತ್ತಿದ್ದರು. ಸಂಜೆ ಅಭ್ಯಾಸ ಮುಗಿದ ಮೇಲೆ ನೀರು ಕೇಳಿದರೆ, "ಫಸ್ಟ್ ಬಂದೋರಿಗೆ ನೀರು," ಎಂದು ಬಿಂದಿಗೆಯನ್ನು ಅವಳ ಕಣ್ಣೆದುರೇ ನೆಲಕ್ಕೆ ಬಗ್ಗಿಸಿದ್ದೂ ಉಂಟು. ನಾನೂ ಅಂದೆ. ಮನೆಯಲ್ಲಿ, ಚಾಪೆ ಹಾಸುವಾಗ, "ಸರಿ ಆಚೆ, ಸೆಕೆಂಡು," ಅಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಚಾಪೆ ಸರಿಸಿಕೊಂಡಳು.

ಆ ಮಾತು ಒಂದು ದಿನ ಅಮ್ಮನ ಕಿವಿಗೆ ಬಿತ್ತು. ಅಪ್ಪನ ಜೊತೆ ಜಗಳವಾಡಿದ್ದನ್ನು ನಾನು ಕಾಣದ ಅಮ್ಮ, ಅಡಿಗೆಮನೆಯಿಂದ ಹೊರಗೆ ಬಂದು, "ರೀ, ನೀವು ಕಾಲೇಜಲ್ಲಿ ಓಡ್ದಾಗ ನಿಮ್ಗೆ ಬಂದಿದ್ದೂ ಸೆಕೆಂಡೇ ಅಲ್ವಾ? ಯಾರಾದ್ರೂ ನಿಮ್ಮನ್ನ ಹಿಂಗ್ ಕರುದ್ರಾ?" ಅಂದರು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಅಪ್ಪ ಓಡುತ್ತಿದ್ದರೆಂಬುದು ನನಗೆ ತಿಳಿದದ್ದು ಆವತ್ತೇ. ನನಗೆ ಒಂದು ಸಲವೂ ಹೇಳಿರಲಿಲ್ಲ.

ಈಗ ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ.

ಒಂದು ಶನಿವಾರ ಮಧ್ಯಾಹ್ನ ಅಪ್ಪ ಯಾವುದೋ ಮೀಟಿಂಗಿಗೆಂದು ತುಮಕೂರಿಗೆ ಹೋಗಿದ್ದರು. ಅಮ್ಮ ಪಕ್ಕದ ಮನೆಗೆ. ನಾವಿಬ್ಬರೇ. ಅವಳು ಇದ್ದಕ್ಕಿದ್ದ ಹಾಗೆ ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕತ್ತಿಗೆ ಹಾಕಿಕೊಂಡಳು. ಎದೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ, ಒಂದು ಭುಜ ಸ್ವಲ್ಪ ಕೆಳಗೆ ಬಿಟ್ಟು ನಡುಮನೆಯಲ್ಲಿ ನಡೆದಳು. ಥೇಟು ಅಪ್ಪ! ಬೀಗದ ಕೈಯನ್ನು ವಿಷಲ್ಲಿನ ಹಾಗೆ ತುಟಿಗಿಟ್ಟು, ಕಣ್ಣು ಕಿರಿದು ಮಾಡಿ, "ಸಾಲು! ಸಾಲು!" ಅಂದಳು. ನಾನು ನಕ್ಕು ನಕ್ಕು ಗೋಡೆಗೆ ಒರಗಿದೆ. ನನಗೆ ಎದೆ ಕಟ್ಟಿದಾಗ ಅವಳೇ ಓಡಿಬಂದು ಬೆನ್ನು ನೀವಿದಳು, ಮತ್ತೆ ಇಬ್ಬರೂ ನಕ್ಕೆವು. ಅವಳು ನಮ್ಮ ಮನೆಯಲ್ಲಿದ್ದ ಅಷ್ಟೂ ತಿಂಗಳಲ್ಲಿ ನಾವು ಗೆಳತಿಯರಾಗಿದ್ದದ್ದು ಆ ಹತ್ತು ನಿಮಿಷ.

ಸಂಜೆ ಅಪ್ಪ ಬಂದರು. ಕೈಯಲ್ಲಿ ಒಂದು ರಟ್ಟಿನ ಡಬ್ಬಿ. "ಬಾರೇ ಇಲ್ಲಿ," ಎಂದು ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ಡಬ್ಬಿಯಲ್ಲಿ ಹೊಸ ಕ್ಯಾನ್ವಾಸ್ ಶೂ. ಅದುವರೆಗೆ ಅವಳು ಬರಿಗಾಲಲ್ಲೇ ಓಡುತ್ತಿದ್ದವಳು. ಅಪ್ಪ ನೆಲದ ಮೇಲೆ ಮಂಡಿಯೂರಿ ಕೂತು, ಅವಳ ಪಾದವನ್ನು ಕೈಯಲ್ಲಿ ಹಿಡಿದು, ಶೂ ಹಾಕಿ, ಲೇಸು ಕಟ್ಟತೊಡಗಿದರು. ತಿಂಗಳುಗಟ್ಟಲೆ ಸೆಕೆಂಡು ಅಂದ ಬಾಯಿ, "ಬಿಗಿ ಆಗುತ್ತಾ? ಬೆರಳು ಆಡ್ಸು," ಅನ್ನುತ್ತಿತ್ತು. ಅವಳ ಕಣ್ಣು ತುಂಬಿತ್ತು.

ನನ್ನ ಬಾಯಿಂದ ಮಾತು ಹೊರಬಿತ್ತು. "ಅಪ್ಪಾ, ಇವ್ಳು ನಿಮ್ಮನ್ನ ಅಣಕಿಸ್ತಾಳೆ. ನೀವು ನಡೆಯೋದು, ವಿಷಲ್ ಊದೋದು, ಎಲ್ಲಾ ಮಾಡಿ ತೋರಿಸಿ ನಗ್ತಾಳೆ."

ಲೇಸಿನ ಮೇಲಿದ್ದ ಅಪ್ಪನ ಕೈ ನಿಂತಿತು. ಗಂಟು ಹಾಕದೆ ಬಿಟ್ಟು ಎದ್ದರು. ಅವಳು ನನ್ನ ಕಡೆ ನೋಡಲಿಲ್ಲ. ಬಗ್ಗಿ, ಒಂದೊಂದಾಗಿ ಎರಡೂ ಶೂ ಬಿಚ್ಚಿ, ಡಬ್ಬಿಯಲ್ಲಿಟ್ಟಳು.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅಪ್ಪ ಯಾರನ್ನೂ ಕ್ಲಾಸಿಗೆ ಬಿಡಲಿಲ್ಲ. "ಸೆಕೆಂಡು, ಮುಂದೆ ಬಾ," ಅಂದರು. ತಮ್ಮ ಕತ್ತಿನ ವಿಷಲ್ ತೆಗೆದು ಅವಳ ಕತ್ತಿಗೆ ಹಾಕಿದರು. "ಇವ್ಳು ನನ್ನ ಥರ ಚೆನ್ನಾಗ್ ಮಾಡ್ತಾಳಂತೆ. ಎಲ್ರೂ ನೋಡ್ರಿ. ಹೂಂ, ನಡಿ."

ಅವಳು ನಡೆದಳು. ತಲೆ ತಗ್ಗಿತ್ತು, ಕಾಲು ತೊಡರುತ್ತಿತ್ತು. "ಹಂಗಲ್ಲ, ಮನೇಲಿ ಮಾಡ್ದಂಗೆ. ಊದು." ಊದಿದಳು. ಅರ್ಧ ಸದ್ದು ಬಂತು. ಯಾರೋ ಕಿಸಕ್ಕೆಂದರು, ಆಮೇಲೆ ಯಾರೂ ನಗಲಿಲ್ಲ. "ಇನ್ನೊಂದ್ಸಲ." ಮತ್ತೆ ನಡೆದಳು. "ಇನ್ನೊಂದ್ಸಲ." ಹೆಡ್‌ಮಾಸ್ಟರು ವರಾಂಡಕ್ಕೆ ಬಂದು ನೋಡಿ, ಕನ್ನಡಕ ಒರೆಸಿಕೊಂಡು ಒಳಗೆ ಹೋದರು. ಬಿಸಿಲೇರಿತು. ಮೊದಲನೇ ಪೀರಿಯಡ್ಡಿನ ಬೆಲ್ಲಾಗಿ, ಎರಡನೆಯದರದ್ದೂ ಆಯಿತು. ಅವಳು ವಿಷಲ್ ಊದುತ್ತಾ ಮೈದಾನದ ಸುತ್ತ ನಡೆಯುತ್ತಲೇ ಇದ್ದಳು.

ನಾನು ಮೆಟ್ಟಿಲ ಮೇಲಿದ್ದೆ. ಅಪ್ಪನ ಮುಖ ಅವತ್ತೂ ನನಗೆ ಕಾಣುತ್ತಿತ್ತು. ಅವಳನ್ನು ಓಡಿಸುವಾಗ, ಎಷ್ಟೇ ಕೆಟ್ಟದಾಗಿ ಬೈಯಲಿ, ಅಪ್ಪನ ಕಣ್ಣು ಅವಳ ಪಾದದಿಂದ ಕದಲುತ್ತಿರಲಿಲ್ಲ. ಆ ದಿನ ಅವರು ಅವಳನ್ನು ನೋಡುತ್ತಲೇ ಇರಲಿಲ್ಲ. ನಮ್ಮನ್ನು ನೋಡುತ್ತಿದ್ದರು. ಸಾಲುಸಾಲಾಗಿ ನಿಂತ ನಮ್ಮ ಮುಖಗಳನ್ನು, ನಾವು ಹೆದರಿದ್ದೇವೋ ಇಲ್ಲವೋ ಎಂದು. ಹದಿನಾಲ್ಕು ವರ್ಷದವಳಿಗೂ ಅದು ತಿಳಿಯಿತು. ಇದು ಕಲಿಸುವುದಲ್ಲ, ಬೇರೆ ಏನೋ. ಅಷ್ಟು ತಿಳಿದೂ ನಾನು ಕೂತಲ್ಲೇ ಕೂತಿದ್ದೆ. ಕೊನೆಗೆ ಹೊಲಿಗೆ ಟೀಚರ್ ಒಬ್ಬರು ಮೈದಾನಕ್ಕಿಳಿದು, ಅವಳ ಕತ್ತಿನಿಂದ ವಿಷಲ್ ತೆಗೆದು ಅಪ್ಪನ ಕೈಗೆ ಕೊಟ್ಟು, "ಸಾಕು ಮೇಷ್ಟ್ರೇ, ಮಗು ಬಾಯಲ್ಲಿ ರಕ್ತ ಬರ್ತಿದೆ," ಎಂದು ಅವಳ ಭುಜ ಹಿಡಿದು ಕರೆದುಕೊಂಡು ಹೋದರು. ತುಟಿ ಒಡೆದಿತ್ತು.

ಆಮೇಲೆ ಅವಳು ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಅಮ್ಮನೇ ಯಾರ ಕೈಯಲ್ಲೋ ಹೇಳಿಕಳಿಸಿ ಅವಳ ಅಪ್ಪನನ್ನು ಕರೆಸಿದರು. ಆತ ಬಾಗಿಲ ಹೊರಗೇ ಟವೆಲ್ ಹಾಸಿ ಕೂತ. ನಮ್ಮಪ್ಪ, ಕಲಿಸುವವರು ಎರಡೇಟು ಹೊಡೆಯದೆ ಆಗುತ್ತದೆಯೇ ಎಂದು ಏನೋ ಶುರು ಮಾಡಿದರು. ಆತ ಪೂರ್ತಿ ಕೇಳಿಸಿಕೊಂಡು, ಮೆತ್ತಗೆ ಹೇಳಿದ:

"ಹೊಡೀರಿ ಸ್ವಾಮಿ, ಅದಕ್ಕೆ ಬ್ಯಾಡ ಅನ್ನಕಿಲ್ಲ. ಹೊಲದಾಗೆ ನಾನೂ ಎತ್ತಿಗೆ ಹೊಡೀತೀನಿ. ಆದ್ರೆ ಎತ್ತು ಮೇವು ಬುಟ್ರೆ ನಾನು ಚಾಟಿ ಕೆಳಗಾಕ್ತೀನಿ. ನಮ್ಮುಡುಗಿ ಮೂರು ದಿನದಿಂದ ಉಂಡಿಲ್ವಂತೆ."

ಆತ ಟ್ರಂಕು ಹೆಗಲ ಮೇಲಿಟ್ಟುಕೊಂಡ. ಅವಳು ಅಮ್ಮನ ಕಾಲಿಗೆ ಬಿದ್ದು, ಅಪ್ಪನಿಗೂ ಕೈಮುಗಿದು, ಹೊರಟಳು. ಶೂ ಡಬ್ಬಿ ಬೆಂಚಿನ ಕೆಳಗೇ ಇತ್ತು. ಆಮೇಲೆ ತಿಳಿಯಿತು, ಕುಣಿಗಲಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಅಲ್ಲಿನ ಹೈಸ್ಕೂಲಿಗೆ ಸೇರಿದಳಂತೆ.

ನನಗೆ ಬೇಕಾದದ್ದು ಆಗಿತ್ತು. ಮನೆಯಲ್ಲಿ ನಾನೊಬ್ಬಳೇ. ಒಂದು ತಿಂಗಳು ಬಿಟ್ಟು ಅಪ್ಪನ ಹತ್ತಿರ ಹೋಗಿ, ಗುಂಡು ಎಸೆಯೋಕೆ ಉಸಿರು ಬೇಕಾಗಲ್ಲ ಅಲ್ವಾ, ನನಗೆ ಕಲಿಸಿ, ಅಂದೆ. ಆ ಶೂ ನನಗೆ ದೊಡ್ಡದು. ಮುಂದೆ ಪೇಪರ್ ತುರುಕಿ ಹಾಕಿಕೊಂಡೆ. ಅಪ್ಪ ಹತ್ತು ದಿನ ಕಲಿಸಿದರು. ಗುಂಡು ನನ್ನ ಕಾಲ ಹತ್ತಿರವೇ ದೊಪ್ಪೆಂದು ಬೀಳುತ್ತಿತ್ತು. "ಪರವಾಗಿಲ್ಲ ಕಂದಾ, ಚೆನ್ನಾಗಿದೆ," ಅನ್ನುತ್ತಿದ್ದರು. ಬೈಯಲಿ ಎಂದು ಒಂದು ದಿನ ಬೇಕೆಂದೇ ಗುಂಡನ್ನು ಹಿಂದಕ್ಕೆ ಬಿಟ್ಟೆ. "ಸುಸ್ತಾಯ್ತಾ? ಹೋಗು, ನೆರಳಲ್ಲಿ ಕೂತ್ಕೋ," ಅಂದರು. ಅವರ ಕಣ್ಣು ಖಾಲಿ ಟ್ರ್ಯಾಕಿನ ಮೇಲಿತ್ತು. ಮಾರನೆಯ ದಿನದಿಂದ ನಾನು ಹೋಗಲಿಲ್ಲ, ಯಾಕೆ ಬರಲಿಲ್ಲ ಎಂದು ಅವರೂ ಕೇಳಲಿಲ್ಲ.

ಮುಂದಿನ ವರ್ಷದ ಜಿಲ್ಲಾ ಸ್ಪೋರ್ಟ್ಸಿಗೆ ಅಪ್ಪ ಕಬಡ್ಡಿ ಹುಡುಗರನ್ನು ಕರೆದುಕೊಂಡು ತುಮಕೂರಿಗೆ ಹೊರಟರು, ನಾನೂ ಹೋದೆ. ಎಂಟುನೂರು ಮೀಟರಿಗೆ ಅವಳು ಕುಣಿಗಲಿನ ಬನಿಯನ್ನು ಹಾಕಿಕೊಂಡು ನಿಂತಿದ್ದಳು. ಮೈ ತುಂಬಿಕೊಂಡಿತ್ತು. ಪಕ್ಕದಲ್ಲಿ ಹಿಂದಿನ ವರ್ಷ ಅವಳನ್ನು ಸೋಲಿಸಿದ ಅದೇ ಗಿಡ್ಡ ಹುಡುಗಿ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ಅಪ್ಪ ಟ್ರ್ಯಾಕಿನ ಸುತ್ತ ಕಟ್ಟಿದ್ದ ಹಗ್ಗದ ಹತ್ತಿರ, ಜನದ ಮಧ್ಯೆ ನಿಂತರು. ಅವಳು ನೋಡಲಿಲ್ಲ.

ಓಟ ಶುರುವಾಯಿತು. ಮೊದಲನೇ ಸುತ್ತಿನಲ್ಲಿ ನಡುವೆ ಇದ್ದಳು, ಎರಡನೆಯದರಲ್ಲಿ ಒಬ್ಬೊಬ್ಬರನ್ನೇ ದಾಟುತ್ತಾ ಬಂದಳು. ಕೊನೆಯ ತಿರುವಿಗೆ ಅವಳೇ ಮುಂದೆ. ಅಪ್ಪನ ಉಸಿರು ಬಿಸಿಯಾಗಿ ನನ್ನ ತಲೆಗೆ ತಾಗುತ್ತಿತ್ತು. ಅವಳು ನಮ್ಮೆದುರಿಗೆ ಬಂದಾಗ ಅಪ್ಪನಿಗೆ ತಡೆಯಲಾಗಲಿಲ್ಲ. "ಮೊಣಕಾಲೆತ್ತೇ!" ಎಂದು ಕೂಗಿಬಿಟ್ಟರು. ಕೋಪದಲ್ಲಲ್ಲ. ಸಂತೋಷದಲ್ಲಿ.

ಅವಳ ಭುಜ ಎರಡೂ ಕಿವಿಯವರೆಗೆ ಏರಿತು. ಹಿಂದಿನಿಂದ ಏಟು ಬೀಳುತ್ತದೆ ಅಂದುಕೊಂಡವರು ಮೈ ಕುಗ್ಗಿಸುತ್ತಾರಲ್ಲ, ಹಾಗೆ. ಹೆಜ್ಜೆ ತಪ್ಪಿತು. ಬೀಳಲಿಲ್ಲ, ಸಾವರಿಸಿಕೊಂಡಳು, ಅಷ್ಟರಲ್ಲಿ ಇಬ್ಬರು ಮುಂದೆ ಹೋಗಿದ್ದರು. ಮೂರನೆಯವಳಾಗಿ ಮುಗಿಸಿದಳು. ಕುಣಿಗಲಿನ ಮೇಡಂ ಒಬ್ಬರು ಓಡಿಬಂದು ಅವಳ ತಲೆಗೆ ಒದ್ದೆ ಟವೆಲ್ ಹಾಕಿ, ನೀರು ಕುಡಿಸಿದರು. ಅವಳು ಕುಡಿಯುತ್ತಲೇ ಹಗ್ಗದ ಈ ಕಡೆ, ಜನರ ನಡುವೆ ಯಾರನ್ನೋ ಹುಡುಕುವವಳಂತೆ ಕಣ್ಣಾಡಿಸಿದಳು. ಅಪ್ಪ ಅಲ್ಲಿಂದ ಹೊರಟುಬಿಟ್ಟಿದ್ದರು.

ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂತು, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು: "ನನ್ ದನೀಗೇ ಬೆಚ್ಚಿಬಿತ್ತಲ್ಲೇ ಆ ಮಗು." ಕಣ್ಣೊರೆಸಿಕೊಂಡರು. ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ತಪ್ಪು ನನ್ನದೂ ಇದೆ ಎಂದು ಹೇಳುವ ಹೊತ್ತು ಅದಾಗಿತ್ತು. ನಾನು ಯೋಚಿಸುತ್ತಿದ್ದದ್ದೇ ಬೇರೆ. ನನಗೆ ಉಸಿರು ಕಟ್ಟಿ ಸಾಯುವಂತಾದಾಗಲೂ ಈ ಕಣ್ಣಲ್ಲಿ ನೀರು ಬಂದಿರಲಿಲ್ಲ, ಅವಳಿಗೆ ಬಂತು.

ಅಪ್ಪ ಆಮೇಲೆ ಯಾರನ್ನೂ ಹಾಗೆ ತಯಾರು ಮಾಡಲಿಲ್ಲ. ಡ್ರಿಲ್ ತೆಗೆದುಕೊಳ್ಳುತ್ತಿದ್ದರು, ಚೆಂಡು ಕೊಟ್ಟು ಕೂರುತ್ತಿದ್ದರು. ಒಳ್ಳೆಯ ಮೇಷ್ಟ್ರು ಎಂಬ ಹೆಸರು ಬಂದದ್ದು ಆ ವರ್ಷಗಳಲ್ಲೇ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನೂ ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿದ್ದೆ. ಮದುವೆಯಾಗಿತ್ತು. ಮನೆ ಅಲ್ಲೇ ಸದಾಶಿವನಗರದಲ್ಲಿ. ಅಪ್ಪ ರಿಟೈರ್ ಆಗಿ ಅಮ್ಮನ ಜೊತೆ ನಮ್ಮಿಂದ ಎರಡು ಬೀದಿ ಆಚೆ ಮನೆ ಮಾಡಿದ್ದರು. ಒಂದು ವರ್ಷ ಜಿಲ್ಲಾ ಸ್ಪೋರ್ಟ್ಸಿಗೆ ನಮ್ಮ ಹುಡುಗಿಯರನ್ನು ಕರೆದುಕೊಂಡು ಹೋಗುವ ಡ್ಯೂಟಿ ನನಗೆ ಬಿತ್ತು. ಹಗ್ಗದ ಹತ್ತಿರ ಟಿಫಿನ್ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸು ತಿರುಗಿ ನೋಡಿ, "ನೀನಲ್ವೇನೇ?" ಅಂದಳು. ಅವಳೇ. ತುಮಕೂರಿನಾಚೆ ಸತ್ಯಮಂಗಲದ ಕಡೆ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸವಂತೆ. ಪ್ರತಿ ವರ್ಷ ಸ್ಪೋರ್ಟ್ಸ್ ದಿನ ಅರ್ಧ ದಿನ ರಜಾ ಹಾಕಿ ಬಂದು, ಹುಡುಗಿಯರು ಓಡುವುದನ್ನು ನೋಡಿ ಹೋಗುತ್ತಾಳಂತೆ.

"ಉಬ್ಬಸ ಹೆಂಗೈತೆ ಈಗ?" ಎಂದು ಮೊದಲು ಕೇಳಿದಳು.

ಬಯಲಿನ ಬದಿಯ ಕಲ್ಲುಚಪ್ಪಡಿಯ ಮೇಲೆ ಕೂತೆವು. ಹತ್ತು ಹನ್ನೆರಡು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ. ಅಪ್ಪನಿಗೆ ಚಾಡಿ ಹೇಳಿದ್ದು ನಾನು, ಕೆರೆ ಏರಿಯ ಮೇಲೆ ಬಾಯಿ ಮುಚ್ಚಿಕೊಂಡಿದ್ದೂ ನಾನು, ಎಲ್ಲ ಹೊಟ್ಟೆಕಿಚ್ಚಿಗೆ.

"ಚಾಡಿ ನನ್ನೆದುರ್ಗೇ ಹೇಳ್ದ್ಯಲ್ಲ, ಅದೇನ್ ಹೊಸಾದು?" ಅಂದಳು. ನಕ್ಕಳು, ಆದರೆ ಪೂರ್ತಿ ನಗಲಿಲ್ಲ. "ಹೊಟ್ಟೆಕಿಚ್ಚು ಅಂತ ಗೊತ್ತಿರ್ಲಿಲ್ಲ. ನಂಗೆ ಬೀಳ್ತಿದ್ದ ಏಟಿಗೂ ಹೊಟ್ಟೆ ಉರ್ಕೊಳ್ಳೋರು ಇರ್ತಾರೆ ಅಂತ ಯಾರಿಗ್ ಗೊತ್ತಾಗುತ್ತೆ?"

"ಅಪ್ಪನ ಮೇಲೆ ಕೋಪ ಇದ್ಯಾ?"

ಅವಳು ಟ್ರ್ಯಾಕಿನ ಕಡೆ ತಿರುಗಿದಳು. "ಎಮ್ಮೆ ಅಂದಾಗ ಇನ್ನೂ ಜೋರಾಗ್ ಓಡ್ಬೇಕು ಅನ್ಸೋದು ಕಣೇ. ಸೆಕೆಂಡು ಅಂದಾಗ ಎಲ್ಲಾದ್ರೂ ಹೋಗಿ ಬಚ್ಚಿಟ್ಕೋಬೇಕು ಅನ್ಸೋದು. ಎರಡೂ ಅಂದಿದ್ದು ಅವ್ರೇ. ಯಾವುದಕ್ಕೆ ಅಂತ ಕೋಪ ಮಾಡ್ಕೊಳ್ಲಿ?" ಆಮೇಲೆ, "ಕುಣಿಗಲ್ ಮೇಡಂ ಬಾಳ ಒಳ್ಳೇವ್ರು. ಯಾವತ್ತೂ ಬೈದಿಲ್ಲ. ಓಡಕ್ಕೆ ಕಲ್ಸಿದ್ದು ಮಾತ್ರ ನಿಮ್ಮಪ್ಪ," ಅಂದಳು.

ಮನೆಗೆ ಬಾ, ಅಪ್ಪ ಇಲ್ಲೇ ಇದ್ದಾರೆ, ಅಂದೆ. ಅವಳ ಭುಜ ಸ್ವಲ್ಪ ಮೇಲೇರಿದ್ದು ನನಗೆ ಕಂಡಿತು. "ಬ್ಯಾಡ ಕಣೇ, ಇನ್ನೊಂದ್ಸಲ," ಅಂದಳು. ಏಳುವಾಗ ಸೀರೆಯ ಮಣ್ಣು ಕೊಡವಿಕೊಳ್ಳುತ್ತಾ, "ಸಾರ್‌ಗೆ ನನ್ ನಮಸ್ಕಾರ ಹೇಳು," ಅಂದಳು.

ಸಂಜೆ ಅಪ್ಪನ ಮನೆಗೆ ಹೋಗಿ, ಅವಳು ಸಿಕ್ಕಿದ್ದಳು ಎಂದೆ. ಪೇಪರ್ ಕೆಳಗಿಟ್ಟರು. ಎಲ್ಲಿದಾಳೆ, ಏನ್ ಮಾಡ್ತಿದಾಳೆ, ಮಕ್ಕಳೆಷ್ಟು, ಗಂಡ ಒಳ್ಳೆಯವನಾ, ಕೆಲಸಕ್ಕೆ ನಡ್ಕೊಂಡ್ ಹೋಗ್ತಾಳಾ ಬಸ್ಸಲ್ಲಾ, ಮಂಡಿ ನೋವೇನಾದ್ರೂ ಇದ್ಯಾ. ಪ್ರಶ್ನೆಯ ಮೇಲೆ ಪ್ರಶ್ನೆ. ನನ್ನ ಮದುವೆ ಗೊತ್ತಾದಾಗ ಹುಡುಗನ ವಿಷಯಕ್ಕೆ ಅಪ್ಪ ಇಷ್ಟು ಕೇಳಿರಲಿಲ್ಲ. ಎಲ್ಲಕ್ಕೂ ಉತ್ತರ ಕೊಟ್ಟೆ. ಕೊನೆಗೆ ತಗ್ಗಿದ ದನಿಯಲ್ಲಿ, "ನನ್ ವಿಷ್ಯ ಏನಾದ್ರೂ ಅಂದ್ಲಾ?" ಎಂದು ಕೇಳಿದರು.

"ಇಲ್ಲ," ಅಂದೆ.

ಹಾಗೆ ಅಂದವಳು ನಾನೇ. ಇಪ್ಪತ್ತೈದು ದಾಟಿದ, ನಲವತ್ತು ಮಕ್ಕಳಿಗೆ ಪಾಠ ಹೇಳುವ ನಾನು. ಅವರ ಮುಖ ಇಳಿದದ್ದನ್ನು ನೋಡಿಕೊಂಡು ಮನೆಗೆ ಬಂದೆ. ಮೂರು ದಿನ ಆ ನಮಸ್ಕಾರವನ್ನು ನನ್ನಲ್ಲೇ ಇಟ್ಟುಕೊಂಡಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ಅವರ ಮನೆಗೆ ಹೋದೆ. ಅಪ್ಪ ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಗೇಟಿನ ಹತ್ತಿರವೇ ನಿಂತು ಹೇಳಿದೆ. "ಅವತ್ತು ಮರ್ತಿದ್ದೆ ಅಪ್ಪಾ. ನಿಮ್ಗೆ ನಮಸ್ಕಾರ ಹೇಳಿದಾಳೆ. ಓಡೋಕೆ ಕಲ್ಸಿದ್ದು ನೀವೇ ಅಂದ್ಳು." ಸೆಕೆಂಡಿನ ವಿಷಯ ಹೇಳಲಿಲ್ಲ.

ಅಪ್ಪ ಚೊಂಬು ಹಿಡಿದುಕೊಂಡೇ ನಿಂತರು. "ಮರ್ತಿದ್ಯಾ?" ಅಂದರು. ನನ್ನ ಮುಖವನ್ನು ನೋಡಿದರು. ಗೊತ್ತಾಯಿತು ಅವರಿಗೆ, ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಈಗಲಾದರೂ ಬೈಯುತ್ತಾರೆ ಅಂದುಕೊಂಡೆ.

"ತಿಂಡಿ ಆಯ್ತಾ?" ಎಂದು ಕೇಳಿದರು.